ಡಿ.ಟಿ.ಪಿ. ಅಂಗಡಿಯ ಕಂಪ್ಯೂಟರನ್ನು ಸಾಚಾ ಮಾಡಿಕೊಳ್ಳುವ ಬಗೆ

ಕ್ಯಾತ್ಸಂದ್ರದ ಛತ್ರವೊಂದರಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದಾಗ ಪಕ್ಕದವರ ಕೈಯಲ್ಲಿದ್ದ ಲಗ್ನಪತ್ರಿಕೆ ಕಣ್ಣಿಗೆ ಬಿತ್ತು. ಮೇಲಂಚಿನ ಮಾವಿನ ತೋರಣದಲ್ಲಿ ಎಡಗಡೆ ಹನ್ನೊಂದು ಎಲೆ, ಬಲಗಡೆ ಹತ್ತು. ಆ ತಪ್ಪು ನನ್ನದು. ಮೂರು ರಾತ್ರಿ ಕುಳಿತು ಆ ತೋರಣ ಬಿಡಿಸಿದವಳು ನಾನು. ಆದರೆ ಪತ್ರಿಕೆಯ ಕೆಳಗಿದ್ದದ್ದು ಬೇರೆ ಅಂಗಡಿಯ ಹೆಸರು. ಊಟ ಸೇರಲಿಲ್ಲ. ಸಂಜೆ ಅಂಗಡಿಗೆ ಬಂದು ಆ ಫೈಲ್ ತೆರೆದೆ. ತೆರೆದುಕೊಂಡದ್ದು, ಯಾವನೋ ಹುಡುಗ ಪೆನ್‌ಡ್ರೈವ್‌ನಲ್ಲಿ ತಂದು ಇನ್ನೂರು ರೂಪಾಯಿಗೆ ಹಾಕಿಕೊಟ್ಟಿದ್ದ, ಚಿತ್ರ ಬಿಡಿಸುವ ಕದ್ದ ತಂತ್ರಾಂಶ ಕೋರಲ್‌ಡ್ರಾದಲ್ಲಿ. ಬೈಯಲು ಬಾಯಿ ಬರಲಿಲ್ಲ.

ಎಲ್ಲವನ್ನೂ ಸರಿ ಮಾಡಿಕೊಳ್ಳಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ತುಮಕೂರಿನಲ್ಲಿ ನನ್ನಂತೆ ಪತ್ರಿಕೆ, ರಸೀದಿ ಪುಸ್ತಕ, ಬ್ಯಾನರ್ ಮಾಡಿಕೊಂಡಿರುವವರಿಗೆ ಅಷ್ಟು ಬೇಕಾಗದು.

ಮೊದಲು ಒಂದು ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಪ್ರತಿ ಕಂಪ್ಯೂಟರಿನಲ್ಲಿರುವ ತಂತ್ರಾಂಶಗಳ ಹೆಸರು ಬರೆದು, ಎದುರಿಗೆ ಬಿಲ್ ಇದೆಯೇ, ಹೋದ ತಿಂಗಳು ಎಷ್ಟು ಸಲ ತೆರೆದಿರಿ ಎಂದು ಗುರುತು ಹಾಕಿ. ನನ್ನ ಮೂರು ಕಂಪ್ಯೂಟರ್‌ಗಳಲ್ಲಿ ಕದ್ದವು ಇಪ್ಪತ್ತಾರು ಇದ್ದವು, ಅನ್ನ ಕೊಡುತ್ತಿದ್ದವು ನಾಲ್ಕು. ಮನೆಯ ನಕ್ಷೆ ತೆಗೆಯುವ ತಂತ್ರಾಂಶ ನನಗೇಕೆ? ಪುಕ್ಕಟೆ ಸಿಕ್ಕಿತೆಂದು ಬಂದು ಕುಳಿತಿತ್ತು. ಅಂಥವನ್ನು ಅಂದೇ ತೆಗೆದುಹಾಕಿ. ಉಳಿದವನ್ನು ತೆಗೆಯುವ ಮೊದಲು ಹಳೆಯ ವಿನ್ಯಾಸಗಳನ್ನೆಲ್ಲ ಪಿ.ಡಿ.ಎಫ್. ಆಗಿಯೂ ಉಳಿಸಿಕೊಳ್ಳಿ. ನಾನು ಇದನ್ನು ಮರೆತು ಒಂದು ಪೆಟ್ಟಿಗೆಯಷ್ಟು ಕೆಲಸ ಕಳೆದುಕೊಂಡೆ.

ಕಾನೂನು ಒಂದೇ ಮಾತಿನಲ್ಲಿ ಮುಗಿಯುತ್ತದೆ: 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ, ಗೊತ್ತಿದ್ದೂ ಕದ್ದ ಪ್ರತಿಯನ್ನು ವ್ಯಾಪಾರಕ್ಕೆ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇನ್ನು ವೈರಸ್ ವಿಷಯ. ಕ್ರ್ಯಾಕ್, ಅಂದರೆ ತಂತ್ರಾಂಶದ ಬೀಗ ಮುರಿಯುವ ತುಣುಕು, ಹಾಕುವವನು ಮೊದಲು ಹೇಳುವುದೇ ಆಂಟಿವೈರಸ್ ಆರಿಸಿ ಎಂದು. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆಯುವಂತೆ.

ಈಗ ನ್ಯಾಯವಾಗಿಯೇ ಉಚಿತವಾಗಿ ಸಿಗುವವು. ಪತ್ರಗಳಿಗೆ ಲಿಬ್ರೆಆಫೀಸ್, ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ಫೋಟೋಗೆ ಗಿಂಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್. ಕೋರಲ್‌ನ ಹಳೆಯ ಫೈಲ್‌ಗಳನ್ನು ಇಂಕ್‌ಸ್ಕೇಪ್ ಬಹುಮಟ್ಟಿಗೆ ತೆರೆಯುತ್ತದೆ, ಎಲ್ಲವನ್ನೂ ಅಲ್ಲ. ಆಫ್‌ಸೆಟ್ ಮುದ್ರಣಕ್ಕೆ ನಾಲ್ಕು ಬಣ್ಣದ ಪಿ.ಡಿ.ಎಫ್. ಬೇಕಾದರೆ ಇಂಕ್‌ಸ್ಕೇಪನ್ನು ನಂಬಬೇಡಿ. ಚಿತ್ರವನ್ನು ಸ್ಕ್ರೈಬಸ್‌ಗೆ ತಂದು ಅಲ್ಲಿಂದ ಹೊರಡಿಸಿ. ಇಲ್ಲದಿದ್ದರೆ ಪರದೆಯಲ್ಲಿ ಕಂಡ ಕುಂಕುಮದ ಕೆಂಪು ಕಾಗದದ ಮೇಲೆ ಇಟ್ಟಿಗೆಯ ಬಣ್ಣವಾಗುತ್ತದೆ.

ನಿಜವಾದ ತೊಡಕು ಕನ್ನಡ ಅಕ್ಷರಗಳದ್ದು. ಕನ್ನಡ ಬರೆಯಲು ಬಳಸುವ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಉಚಿತ, ಅದರಲ್ಲಿ ಕಳ್ಳತನವೇನೂ ಇಲ್ಲ. ಆದರೆ ನಮ್ಮ ಹಳೆಯ ಕೆಲಸವೆಲ್ಲ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಓದುವ ಅಕ್ಷರ ಸಂಕೇತ) ಮುಂಚಿನ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ ಆಸ್ಕಿ ಅಕ್ಷರಗಳಲ್ಲಿದೆ. ಅದನ್ನು ಹಾಗೆಯೇ ಹೊಸ ತಂತ್ರಾಂಶಕ್ಕೆ ಅಂಟಿಸಿದರೆ ಇಂಗ್ಲಿಷಿನ ಚೂರುಪಾರು ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಅರ್ಕಾವತ್ತನ್ನು ಒಂದೊಂದಾಗಿ ನೋಡಿ. 'ಧರ್ಮಪತ್ನಿ', 'ಸೂರ್ಯ', 'ಮುಹೂರ್ತ' ಇವು ಎಡವುವ ಜಾಗಗಳು. ಮುಹೂರ್ತ ಕೆಟ್ಟರೆ ಗಿರಾಕಿ ಕ್ಷಮಿಸುವುದಿಲ್ಲ. ಅಕ್ಷರಶೈಲಿಗೆ ನೋಟೊ, ಬಾಲೂ ತಮ್ಮ ಇವೆ. ಗುಬ್ಬಿ ಎಂಬ ಉಚಿತ ಶೈಲಿಯೂ ಇದೆ. ಜೊತೆಗೆ ನವಿಲು ಎಂಬುದೂ ಇರುವುದರಿಂದ ಅದು ಹಕ್ಕಿಯೇ ಇರಬೇಕು, ನಮ್ಮ ತಾಲ್ಲೂಕಲ್ಲ.

ಇಷ್ಟಾದರೂ ಒಂದೆರಡು ಕೊಳ್ಳಲೇಬೇಕಾಗುತ್ತದೆ. ನಾನು ಕೊಂಡದ್ದು ಒಂದೇ. ಆನ್‌ಲೈನ್‌ನಲ್ಲಿ ಐನೂರಕ್ಕೆ 'ಜೀವಮಾನದ ಕೀ' ಎಂದು ಮಾರುವುದು ಮತ್ತೆ ಕದ್ದ ಮಾಲೇ ಆಗಿರುವ ಸಂಭವವೇ ಹೆಚ್ಚು. ಚಂದಾ ಕಟ್ಟುವಾಗ ಸಣ್ಣ ಅಕ್ಷರ ಓದಿ: ತಿಂಗಳ ಕಂತು ಎಂದು ಕಂಡದ್ದು ಎಷ್ಟೋ ಸಲ ವರ್ಷದ ಒಪ್ಪಂದ. ಆಷಾಢದಲ್ಲಿ ಮದುವೆಗಳಿಲ್ಲವೆಂದು ಬಿಡಲು ಹೋದರೆ ದಂಡ ಬೀಳುತ್ತದೆ. ಅಂಗಡಿಗೆ ಜಿ.ಎಸ್.ಟಿ. ನೋಂದಣಿ ಇದ್ದರೆ ಆ ಸಂಖ್ಯೆ ಹಾಕಿಸಿ ಬಿಲ್ ಪಡೆಯಿರಿ. ತಂತ್ರಾಂಶಕ್ಕೆ ಕಟ್ಟಿದ ಶೇಕಡಾ 18ರ ತೆರಿಗೆಯನ್ನು ನಿಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು (ಕಾಂಪೊಸಿಷನ್ ಯೋಜನೆಯವರಿಗೆ ಇದಿಲ್ಲ).

ದುಡ್ಡೆಲ್ಲಿಂದ ತರುವುದು ಎನ್ನುತ್ತೀರಿ. ಲೆಕ್ಕಕ್ಕೆ ಸುಲಭವಾಗಲೆಂದು ವರ್ಷದ ಖರ್ಚು 24,000 ರೂಪಾಯಿ, ವರ್ಷಕ್ಕೆ 480 ಕೆಲಸ ಎಂದುಕೊಳ್ಳಿ. ಕೆಲಸವೊಂದಕ್ಕೆ 50 ರೂಪಾಯಿ. ಅದನ್ನು ಕಾಗದದ ದರದಲ್ಲಿ ಅಡಗಿಸಬೇಡಿ. ಬಿಲ್ಲಿನಲ್ಲಿ 'ವಿನ್ಯಾಸ' ಎಂದು ಬೇರೆ ಸಾಲು ಹಾಕಿ. ನಾವೇ ನಮ್ಮ ಬಿಲ್ಲಿನಲ್ಲಿ ವಿನ್ಯಾಸಕ್ಕೆ ಬೆಲೆ ಬರೆಯದೆ, ಮುದ್ರಣಕ್ಕೆ ಮಾತ್ರ ದುಡ್ಡು ತೆಗೆದುಕೊಂಡು, ಜನರಿಗೆ ಅದು ಗಾಳಿಯಲ್ಲಿ ಬರುತ್ತದೆಂದು ಕಲಿಸಿದ್ದೇವೆ. ಅಂಗಡಿಯ ಹುಡುಗಿ ಬಿಡಿಸಿದ ಚಿತ್ರ ಎರಡನೇ ಸಲ ಬಳಕೆಯಾದರೆ ಆ ಸಾಲಿನಿಂದ ಅವಳಿಗೂ ಪಾಲು ಕೊಡಿ. ಇಂಕ್‌ಸ್ಕೇಪ್‌ನವರಿಗೆ ವರ್ಷಕ್ಕೊಮ್ಮೆ ಕೈಲಾದಷ್ಟು ಕಳಿಸಿ. ಯಾರೂ ಕೇಳುವುದಿಲ್ಲ, ಆದರೂ ಕಳಿಸಿ.

ಮೊದಲ ತಿಂಗಳು, "ಇದೇನಕ್ಕ, ಡಿಸೈನ್‌ಗೂ ದುಡ್ಡೇ?" ಎಂದು ಇಬ್ಬರು ಎದ್ದು ಹೋದರು. ಮೂರನೆಯವರು ತಿಪಟೂರಿನ ಕೊಬ್ಬರಿ ಮಂಡಿಯವರು, ರಸೀದಿ ಪುಸ್ತಕಕ್ಕೆ ಬಂದಿದ್ದರು. ಬಿಲ್ಲಿನ ಆ ಸಾಲಿನ ಮೇಲೆ ಬೆರಳಿಟ್ಟು, "ಓ, ನಮ್ಮಲ್ಲಿ ಹಮಾಲಿ ಬರೆದ ಹಾಗೆ" ಎಂದು ದುಡ್ಡು ಎಣಿಸಿದರು.