ಎಂಬಿಎ ಬೇಕಾ ಬೇಡವಾ: 80ಇ ನೋಡಿ ನಾನು ಹಾಕಿದ ಲೆಕ್ಕ

ನನ್ನ ಬಿಕಾಂ ಮುಗಿದದ್ದು 2020ರಲ್ಲಿ. ಕೊರೊನಾ ದೆಸೆಯಿಂದ ಕೊನೇ ಸೆಮಿಸ್ಟರ್ ಪರೀಕ್ಷೆ ಸೆಪ್ಟೆಂಬರ್‌ವರೆಗೆ ಎಳೆದಿತ್ತು. ನಮ್ಮ ಕ್ಲಾಸಿನ ಹನ್ನೊಂದು ಜನ ನೇರವಾಗಿ ಎಂಬಿಎ ಸೇರಿದರು. ನಾನು ಹಾಸನದ ಒಂದು ಆಡಿಟರ್ ಆಫೀಸಿಗೆ ತಿಂಗಳಿಗೆ ಏಳು ಸಾವಿರಕ್ಕೆ ಸೇರಿದೆ. ಆಲೂರು ಕಡೆಯ ನಮ್ಮೂರಿಂದ ದಿನಾ ಬಸ್ಸು. ಬಸ್ ಚಾರ್ಜು, ಊಟ ಕಳೆದರೆ ಉಳಿಯುತ್ತಿದ್ದುದು ನಾಲ್ಕೂವರೆ.

"ಗ್ಯಾಪ್ ಬಿದ್ದರೆ ಆಮೇಲೆ ಯಾವ ಕಂಪನಿಯವರೂ ಮೂಸಿ ನೋಡಲ್ಲ" ಅಂದರು ಚಿಕ್ಕಪ್ಪ. ದೊಡ್ಡಮ್ಮನ ಚಿಂತೆ ಬೇರೆ. "ಎಂಬಿಎ ಓದಿಸಿದರೆ ಅದಕ್ಕಿಂತ ಜಾಸ್ತಿ ಓದಿದ ಗಂಡು ಬೇಕು, ಎಲ್ಲಿಂದ ತರೋದು?" ಇಬ್ಬರ ಮಾತೂ ಕೇಳಿದರೆ ಓದಿದರೂ ಕಷ್ಟ, ಓದದಿದ್ದರೂ ಕಷ್ಟ. ಅಪ್ಪ ಒಬ್ಬರೇ "ನಿಂಗೆ ತೋಚಿದ್ದು ಮಾಡು ಪುಟ್ಟಿ, ಸಾಲಕ್ಕೆ ಸೈನ್ ಹಾಕೋ ಮುಂಚೆ ಒಂದ್ಸಲ ಹೇಳು" ಅಂದಿದ್ದು.

ಸೇರದೇ ಇದ್ದುದಕ್ಕೆ ಕಾರಣ ಇಷ್ಟೇ. ಎಂಬಿಎ ಮಾಡಿದವರಿಗೆ ನಿಜವಾಗಿ ಎಷ್ಟು ಸಂಬಳ ಬರುತ್ತೆ ಅಂತ ಯಾರೂ ಹೇಳುತ್ತಿರಲಿಲ್ಲ. ಕಾಲೇಜಿನ ಬ್ರೋಷರ್ ನೋಡಿದರೆ ಎಲ್ಲರಿಗೂ ಏಳು ಲಕ್ಷ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ದುಡ್ಡು ಎಲ್ಲ ಸೇರಿರುತ್ತೆ ಅನ್ನೋದು ನಿಮಗೂ ಗೊತ್ತು. ಕೈಗೆ ಬರುವುದೆಷ್ಟು ಅಂತ ನನಗೆ ಬೇಕಿತ್ತು.

ಅದು ಸಿಕ್ಕಿದ್ದು 2021ರ ಆದಾಯ ತೆರಿಗೆ ರಿಟರ್ನ್ ಸೀಸನ್‌ನಲ್ಲಿ. ಆ ವರ್ಷದ ಗೋಳು ಈ ಕೆಲಸದಲ್ಲಿದ್ದವರು ಯಾರೂ ಮರೆತಿರಲ್ಲ. ಜೂನ್‌ನಲ್ಲಿ ಹೊಸ ಪೋರ್ಟಲ್ ಬಂತು, ಓಟಿಪಿ ಬರಲ್ಲ, ಸೇವ್ ಮಾಡಿದ್ದು ಉಳಿಯಲ್ಲ, ಕೊನೆಗೆ ಗಡುವು ಡಿಸೆಂಬರ್ 31ಕ್ಕೆ ಹೋಯಿತು. ಪೋರ್ಟಲ್ ತಿರುಗುತ್ತಾ ಕೂತಿರುವಾಗ ಫಾರಂ 16, ಅಂದರೆ ಸಂಬಳ, ತೆರಿಗೆಯ ವಿವರ ಇರುವ ಹಾಳೆ, ನೋಡುತ್ತಾ ಕೂರುವುದೇ ಕೆಲಸ. ಆಗ ಹೊಳೆಯಿತು. 80ಇ ಅನ್ನೋದು ಓದಿನ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಕೊಡುವ ಸೆಕ್ಷನ್. ಅದು ಇದ್ದವರು ಅಂದರೆ ಆ ಬಡ್ಡಿ ಕಟ್ಟುತ್ತಿರುವವರು. ಅದೇ ಹಾಳೆಯಲ್ಲಿ ಅವರ ಸಂಬಳವೂ ಇದೆ. ಸಾಲ ಯಾವ ಓದಿಗೆ ಅಂತ ಒಂದು ಮಾತು ಕೇಳಿದರೆ ಮುಗಿಯಿತು.

ನಮ್ಮ ಆಡಿಟರ್ ಸರ್‌ಗೆ ಹೇಳಿಯೇ ಶುರು ಮಾಡಿದೆ. ಹೆಸರು, ಪ್ಯಾನ್ ಏನೂ ಬೇಡ, ಪೆನ್ಸಿಲಲ್ಲಿ ಮೂರೇ ಕಾಲಂ: ಕೈಗೆ ಬರುವ ಸಂಬಳ, ವರ್ಷಕ್ಕೆ ಕಟ್ಟುವ ಬಡ್ಡಿ, ಓದು ಮುಗಿದು ಎಷ್ಟು ವರ್ಷ. ಸರ್ ನಕ್ಕರು. "ಜಾತಕ ಬರೀತಿದ್ದೀಯೇನಮ್ಮಾ?"

ಮೊದಲ ವರ್ಷ ಒಂಬತ್ತು ಜನ ಸಿಕ್ಕರು. ಎಲ್ಲರೂ ಚೆನ್ನಾಗಿಯೇ ಇದ್ದರು. ಆರು ಲಕ್ಷ, ಏಳು ಲಕ್ಷ, ಒಬ್ಬರದು ಹನ್ನೊಂದು. ಬ್ರೋಷರ್ ಸುಳ್ಳಲ್ಲ ಅಂತ ನಂಬಿಬಿಟ್ಟೆ. ಅಷ್ಟರಲ್ಲಿ ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್ ಕೂಡ ಬರೆದಿದ್ದೆ. ಆನ್‌ಲೈನ್ ಕೋಚಿಂಗಿಗೆ ಹದಿನೆಂಟು ಸಾವಿರ ಹೋಯಿತು, ಬಂದದ್ದು 58 ಪರ್ಸೆಂಟೈಲ್. ಲೆಕ್ಕದಲ್ಲಿ ಪರವಾಗಿಲ್ಲ, ಇಂಗ್ಲಿಷ್ ಪ್ಯಾಸೇಜ್ ಓದುವಷ್ಟರಲ್ಲಿ ನಲವತ್ತು ನಿಮಿಷ ಆವಿಯಾಗಿತ್ತು. ಆ ಬೇಜಾರಲ್ಲೇ 2022ರ ಮಾರ್ಚಿನಲ್ಲಿ ಬೆಂಗಳೂರಿನ ಒಂದು ಖಾಸಗಿ ಕಾಲೇಜಿಗೆ ಇಪ್ಪತ್ತೈದು ಸಾವಿರ ಕಟ್ಟಿ ಸೀಟು ಹಿಡಿದೆ. ಫೋನ್ ಮಾಡಿದ ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿದಳು ಅಂದರೆ, ಅಪ್ಪನಿಗೆ ಹೇಳಿದ್ದೂ ದುಡ್ಡು ಕಟ್ಟಿದ ಮೇಲೆ.

ತಪ್ಪು ಎಲ್ಲಿ ಆಗಿತ್ತು ಅಂತ ಗೊತ್ತಾದದ್ದು ಜುಲೈನಲ್ಲಿ. ಆಗ ಹೆಚ್ಚಿನವರು ಹಳೆ ತೆರಿಗೆ ಪದ್ಧತಿಯಲ್ಲೇ ಇದ್ದರು. ಐದು ಲಕ್ಷದೊಳಗಿನ ಆದಾಯಕ್ಕೆ 87ಎ ಸೆಕ್ಷನ್ನಿನ ರಿಬೇಟ್, ಅಂದರೆ ತೆರಿಗೆ ಮನ್ನಾದಿಂದ, ತೆರಿಗೆ ಸೊನ್ನೆ. ಸೊನ್ನೆ ತೆರಿಗೆಯವನು ಬಡ್ಡಿ ಸರ್ಟಿಫಿಕೇಟಿಗೆ ಬ್ಯಾಂಕಿಗೆ ಯಾಕೆ ಅಲೆಯುತ್ತಾನೆ? ಅವನ ಫಾರಂನಲ್ಲಿ 80ಇ ಇರುವುದೇ ಇಲ್ಲ. ಅಂದರೆ ನಾನು ಎಣಿಸಿದ್ದು ಗೆದ್ದವರನ್ನು ಮಾತ್ರ! ಸೋತವರು ನನ್ನ ಮುಂದೆಯೇ ಕೂತು ಟೀ ಕುಡಿದು ಹೋಗಿದ್ದರು, ನನಗೆ ಕಾಣಲಿಲ್ಲ. ಇದು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ನಾನೇ ಕಂಡುಕೊಂಡಿದ್ದು ಅಂತ ಸ್ವಲ್ಪ ಜಂಬ ಇದೆ. ಇರಲಿ ಬಿಡಿ.

ಎರಡನೇ ಸೀಸನ್‌ನಲ್ಲಿ ಫಾರಂ ಬಿಟ್ಟು ಬಾಯಿಬಿಟ್ಟು ಕೇಳಿದೆ. ಸಂಬಳ ಎಷ್ಟು ಅಂದರೆ ಜನ ಒಂದೋ ಏರಿಸಿ ಹೇಳುತ್ತಾರೆ, ಇಲ್ಲ ಮುಖ ತಿರುಗಿಸುತ್ತಾರೆ. ಅದಕ್ಕೆ ಒಂದು ಪ್ರಶ್ನೆ ಇದೆ. ಸಂಬಳದ ಮಾತೇ ಎತ್ತದೆ ಅದನ್ನು ಕೇಳಿದರೆ ಎಂಥವರೂ ಕೈಗೆ ಬರುವ ದುಡ್ಡನ್ನು ತಾವೇ ಹೇಳಿಬಿಡುತ್ತಾರೆ. ಈಗಿನ ಕೆಲಸದಲ್ಲೂ ಅದೇ ನನ್ನ ಅನ್ನ. ಹಾಗಾಗಿ ಇಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ.

ಒಟ್ಟು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಎಂಬಿಎ ಆದರು. ಇದು ನಮ್ಮ ಆಫೀಸಿನ ಬಾಗಿಲು ದಾಟಿ ಬಂದವರ ಲೆಕ್ಕ, ಇಡೀ ಜಿಲ್ಲೆಯದಲ್ಲ. ಡಿಗ್ರಿ ಮುಗಿದ ಕೂಡಲೇ ಸೇರಿದವರಲ್ಲಿ ಮುಕ್ಕಾಲು ಪಾಲು ಜನ ಹದಿನೆಂಟರಿಂದ ಇಪ್ಪತ್ತೆರಡು ಸಾವಿರದಲ್ಲಿದ್ದರು. ನಾಲ್ಕು ವರ್ಷ ಕಂಪ್ಯೂಟರಲ್ಲಿ ಟ್ಯಾಲಿ ಲೆಕ್ಕ ಒತ್ತಿದ ಬಿಕಾಂನವರಿಗೂ ಅಷ್ಟೇ ಸಂಬಳ ಇತ್ತು, ಸಾಲ ಇಲ್ಲದೆ. ಎರಡು ಮೂರು ವರ್ಷ ಎಲ್ಲಾದರೂ ದುಡಿದು ಆಮೇಲೆ ಎಂಬಿಎ ಮಾಡಿದವರು ಆರು ಜನ. ಅವರಲ್ಲಿ ಐದು ಜನರ ಸಂಬಳ ಮೂವತ್ತೈದು ಸಾವಿರದ ಮೇಲೆ. ಆರನೆಯವರು ಮಾವನ ಪೆಟ್ರೋಲ್ ಬಂಕ್ ನೋಡಿಕೊಳ್ಳುತ್ತಿದ್ದರು, ಅವರನ್ನು ಬಿಟ್ಟೆ.

ಆಮೇಲೆ ನನ್ನದೇ ಹಾಳೆ ಮಾಡಿದೆ. ಓದಿಗೆ ಬೀಳುವ ಒಟ್ಟು ಖರ್ಚನ್ನು, ಓದಿನಿಂದ ಹೆಚ್ಚಾಗುವ ಸಂಬಳದಿಂದ ಭಾಗಿಸುವುದು. ಎಷ್ಟು ತಿಂಗಳು ಬಂತು ನೋಡುವುದು. 36 ದಾಟಿದರೆ ಬೇಡ. 36 ಯಾಕೆ ಅಂದರೆ, ದೊಡ್ಡಮ್ಮನ ತಾಳ್ಮೆ ಅಷ್ಟೇ ಅಂತ ನನ್ನ ಅಂದಾಜು.

ಸೀಟು ಹಿಡಿದ ಕಾಲೇಜು: ಫೀ ಏಳು ಲಕ್ಷ, ಎರಡು ವರ್ಷದ ಪಿಜಿ ಬಾಡಿಗೆ ಊಟ ಎರಡು ಲಕ್ಷ, ಬಿಟ್ಟ ಸಂಬಳ ಎರಡು ಲಕ್ಷದ ಮೇಲೆ. ಹನ್ನೊಂದು ಲಕ್ಷ ಅಂತಿಟ್ಟುಕೊಳ್ಳಿ. ಹೆಚ್ಚಿಗೆ ಬರುವುದು ತಿಂಗಳಿಗೆ ಹತ್ತು ಸಾವಿರ. ನೂರಾಹತ್ತು ತಿಂಗಳು. ಇದರಲ್ಲಿ ಬಡ್ಡಿ ಸೇರಿಲ್ಲ. ಬ್ಯಾಂಕಿನವರು ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಅಂತ ಸಿಹಿಯಾಗಿ ಹೇಳುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತೆ. ಏಳೂವರೆ ಲಕ್ಷ ದಾಟಿದರೆ ಜಮೀನಿನ ಪಹಣಿ ಕೇಳುತ್ತಾರೆ. ಅಪ್ಪನ ಒಂದೂವರೆ ಎಕರೆಯ ಪಹಣಿ ನೆನಪಾಗಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸೀಟು ಬಿಟ್ಟೆ. ಇಪ್ಪತ್ತೈದು ಸಾವಿರ ವಾಪಸ್ ಕೇಳಿದರೆ ಕಾಲೇಜಿನವರು ಫೋನೇ ಎತ್ತಲಿಲ್ಲ. ತರಗತಿ ಶುರುವಾಗುವ ಮೊದಲೇ ಸೀಟು ಬಿಟ್ಟರೆ ಸಾವಿರ ರೂಪಾಯಿಗಿಂತ ಜಾಸ್ತಿ ಹಿಡಿಯುವಂತಿಲ್ಲ ಅಂತ ಎಐಸಿಟಿಇ (ಇಂಥ ಕಾಲೇಜುಗಳಿಗೆ ಅನುಮತಿ ಕೊಡುವ ಕೇಂದ್ರದ ಮಂಡಳಿ) ನಿಯಮ ಇದೆ. ಅದು ನನಗೆ ಗೊತ್ತಾಗುವಷ್ಟರಲ್ಲಿ ಅವರು ಕೊಟ್ಟ ಹದಿನೈದು ಸಾವಿರಕ್ಕೆ ಒಪ್ಪಿ ಸೈನ್ ಹಾಕಿ ಆಗಿತ್ತು. ಹತ್ತು ಸಾವಿರ ಖೋತಾ.

ಇದರ ಮಧ್ಯೆ ಇನ್ನೊಂದು ಸಾಹಸ. ಫೀಗೆ ದುಡ್ಡು ಆಗಲಿ ಅಂತ ತಮ್ಮನ ಜೊತೆ ಸೇರಿ ಆ ಬೇಸಿಗೆಯಲ್ಲಿ ಅರ್ಧ ಎಕರೆ ಶುಂಠಿ ಹಾಕಿದ್ದೆ. ಎಂಬತ್ತು ಸಾವಿರ ಸುರಿದೆವು, ಚೀಟಿ ದುಡ್ಡು. ಆಗಸ್ಟ್ ಮಳೆಗೆ ಕೊಳೆರೋಗ ಬಂದು ಅರ್ಧ ಹೋಯಿತು. ಉಳಿದ ನಲವತ್ತೈದು ಮೂಟೆಯನ್ನು 2023ರ ಜನವರಿಯಲ್ಲಿ, ಅರವತ್ತು ಕೆಜಿ ಮೂಟೆಗೆ ಎರಡು ಸಾವಿರದ ಆಸುಪಾಸಿಗೆ ಕೊಟ್ಟೆವು. ಫೀ ಕಟ್ಟುವ ದಿನ ಹತ್ತಿರ ಬಂದಿತ್ತು. ಅದೇ ವರ್ಷ ಜೂನ್ ಜುಲೈನಲ್ಲಿ ಶುಂಠಿ ಮೂಟೆ ಹತ್ತು ಸಾವಿರ ದಾಟಿತು. ಕೀಳದೆ ಮಣ್ಣಲ್ಲೇ ಬಿಟ್ಟ ಪಕ್ಕದ ಹೊಲದವರು ಹೊಸ ಟ್ರ್ಯಾಕ್ಟರ್ ತಂದರು. ತಮ್ಮ ಇವತ್ತಿಗೂ ನನ್ನ ಎಂಬಿಎಗೆ "ನಾಲ್ಕೂವರೆ ಲಕ್ಷದ ಶುಂಠಿ ಓದು" ಅಂತಾನೆ. ನನ್ನ ಹಾಳೆಯಲ್ಲಿ ಈ ಕಾಲಂ ಇಲ್ಲ. ಬೇಕಂತಲೇ ಹಾಕಿಲ್ಲ.

ಫೀ ಕಟ್ಟಿದ್ದು ಎಲ್ಲಿಗೆ ಅಂದರೆ, 2022ರ ನವೆಂಬರಿನಲ್ಲಿ ಪಿಜಿಸಿಇಟಿ, ಅಂದರೆ ನಮ್ಮ ರಾಜ್ಯದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ, ಬರೆದಿದ್ದೆ. ನೂರು ಪ್ರಶ್ನೆ, ತಪ್ಪಿಗೆ ಮಾರ್ಕ್ಸ್ ಕಳೆಯಲ್ಲ. ಕ್ಯಾಟ್‌ಗೆ ಓದಿದ್ದು ದಂಡ ಆಗಲಿಲ್ಲ. ಆ ಪರೀಕ್ಷೆ ನಡೆಸುವ ಕೆಇಎಯ ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ಮೈಸೂರಲ್ಲಿ ಸರ್ಕಾರಿ ಕೋಟಾ ಸೀಟು ಸಿಕ್ಕಿತು. ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಯಾವ ಕ್ರಮದಲ್ಲಿ ಹಾಕಿದೆ ಅನ್ನೋದು ಇನ್ನೊಂದು ಗುಟ್ಟು, ಅದೂ ಇರಲಿ. ಎರಡು ವರ್ಷಕ್ಕೆ ಫೀ ಒಂದು ಲಕ್ಷದ ನಲವತ್ತು ಸಾವಿರದ ಹತ್ತಿರ, ಇರೋದು ಉಣ್ಣೋದು ಅಷ್ಟೇ. ಅಷ್ಟೊತ್ತಿಗೆ ನನ್ನ ಸಂಬಳ ಹದಿನಾರು ಸಾವಿರ ಆಗಿತ್ತು, ಅದನ್ನು ಬಿಟ್ಟ ನಷ್ಟವೇ ದೊಡ್ಡದು. ಎಲ್ಲ ಸೇರಿ ಆರು ಮುಕ್ಕಾಲು ಲಕ್ಷ. ಹೆಚ್ಚಿಗೆ ಬರುವುದು ಇಪ್ಪತ್ತು ಸಾವಿರ ಅಂತ ಹಿಡಿದರೆ 34 ತಿಂಗಳು. ಕೂದಲೆಳೆಯಲ್ಲಿ ಪಾಸ್.

ಓದಿನ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಪಾಠ ಪಾಠದ ಹಾಗೆಯೇ ಇತ್ತು. ಫೈನಾನ್ಸ್ ಕ್ಲಾಸಿನಲ್ಲಿ ಬ್ಯಾಲೆನ್ಸ್ ಶೀಟ್ ಅಂದಾಗ ಉಳಿದವರಿಗೆ ಪುಸ್ತಕದ ಪುಟ ನೆನಪಾಗುತ್ತಿತ್ತು, ನನಗೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ವ್ಯಾಪಾರಿಗಳ ಮುಖ.

ಅದು ಕೆಲಸಕ್ಕೆ ಬಂದದ್ದು ಸಂದರ್ಶನದಲ್ಲಿ. ಸಾಲ ಕೊಡುವ ಕಂಪನಿ, ಹಾಸನದ ಬ್ರಾಂಚಿಗೆ ಕ್ರೆಡಿಟ್ ಕೆಲಸ. ಒಬ್ಬ ಆಲೂಗಡ್ಡೆ ವ್ಯಾಪಾರಿಯ ಲೆಕ್ಕಪತ್ರ ಮುಂದಿಟ್ಟು ಸಾಲ ಕೊಡಬಹುದಾ ಅಂದರು. ಪಕ್ಕದವನು ಕರೆಂಟ್ ರೇಷಿಯೋ (ಹತ್ತಿರದ ಸಾಲ ತೀರಿಸೋ ತಾಕತ್ತಿನ ಲೆಕ್ಕ) ಚೆನ್ನಾಗಿದೆ ಅಂದ. ನಾನು ಮಾರ್ಚ್ 31ರ ಕ್ಲೋಸಿಂಗ್ ಸ್ಟಾಕ್, ಅಂದರೆ ಮಾರದೆ ಉಳಿದ ಮಾಲು, ನೋಡಿದೆ. ಹದಿನಾಲ್ಕು ಲಕ್ಷದ ಆಲೂಗಡ್ಡೆ. ನಮ್ಮ ಕಡೆ ಮುಂಗಾರಿಗೆ ಹಾಕಿದ್ದು ಆಗಸ್ಟ್ ಸೆಪ್ಟೆಂಬರಿಗೆ ಕಿತ್ತು ಮಾರಿ ಮುಗಿಯುತ್ತೆ. ಪಂಜಾಬಿನ ಬಿತ್ತನೆ ಗಡ್ಡೆ ಬಂದು ಮಾರಾಟ ಶುರುವಾಗೋದು ಮೇ ಹೊತ್ತಿಗೆ. ಮಾರ್ಚಿನಲ್ಲಿ ಇಷ್ಟು ಮಾಲು ಇದ್ದರೆ ಕೋಲ್ಡ್ ಸ್ಟೋರೇಜ್ ಬಾಡಿಗೆ ಎಲ್ಲಿ ಸರ್, ಖರ್ಚಿನ ಪಟ್ಟಿಯಲ್ಲಿ ಕಾಣ್ತಿಲ್ಲ ಅಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗ್ಯಾಪ್ ಯಾಕೆ ಬಿತ್ತು ಅಂತ ಯಾರೂ ಕೇಳಲಿಲ್ಲ.

ಕೈಗೆ ನಲವತ್ತೆರಡು ಸಾವಿರ. ಹಾಳೆಯಲ್ಲಿ 34 ತಿಂಗಳು ಇದ್ದದ್ದು 26ಕ್ಕೆ ಇಳಿದಿದೆ. ನೇರವಾಗಿ ಎಂಬಿಎಗೆ ಹೋದ ಹನ್ನೊಂದು ಜನರಲ್ಲಿ ಇಬ್ಬರು ನನಗಿಂತ ಮೇಲಿದ್ದಾರೆ, ಅದನ್ನೂ ಹೇಳಿಬಿಡಬೇಕು. ಒಬ್ಬಳಿಗೆ ಇಂಗ್ಲಿಷ್ ಮೊದಲಿಂದಲೂ ನೀರು ಕುಡಿದ ಹಾಗೆ.

ಈ ದಾರಿ ಹಿಡಿಯುವವರಿಗೆ ಒಂದು ಮಾತು. ಈಗ ಹೊಸ ತೆರಿಗೆ ಪದ್ಧತಿಯೇ ಮಾಮೂಲು, ಅದರಲ್ಲಿ 80ಇ ವಿನಾಯಿತಿ ಇಲ್ಲ. ಫಾರಂ ನೋಡಿ ಹುಡುಕುವ ಆಟ ಮುಗಿಯಿತು, ಮೊದಲಿಂದಲೇ ಬಾಯಿಬಿಟ್ಟು ಕೇಳಬೇಕು.

ಹೋದ ವಾರ ಚಿಕ್ಕಪ್ಪ ಮಗಳ ಮಾರ್ಕ್ಸ್ ಕಾರ್ಡ್ ಹಿಡಿದು ಬಂದಿದ್ದರು. ಕೈಯಲ್ಲಿ ಬೆಂಗಳೂರಿನ ಕಾಲೇಜಿನ ಬ್ರೋಷರ್, ಏಳು ಲಕ್ಷದ್ದೇ. ಸೀಸನ್ ಮುಗಿಯುವವರೆಗೆ ಅವಳನ್ನು ನಮ್ಮ ಸರ್ ಆಫೀಸಿಗೆ ಕಳಿಸಿ, ಏಳು ಸಾವಿರ ಕೊಡ್ತಾರೆ ಅಂದೆ. ಈಗ ಹತ್ತು ಕೊಡ್ತಾರಂತೆ. ಚಿಕ್ಕಪ್ಪ ಕಾಫಿ ಕುಡಿದು, ಬ್ರೋಷರ್ ನಮ್ಮ ಮನೆಯಲ್ಲೇ ಬಿಟ್ಟು ಎದ್ದು ಹೋದರು.