ಗದ್ದರ್‌ಗೆ ಹಾಡಿನ ನಮನ: ರಾಯಚೂರಿನಲ್ಲಿ ನಾವು ಮಾಡಿದ್ದು

ತೆಲುಗಿನ ಕ್ರಾಂತಿಕಾರಿ ಹಾಡುಗಾರ ಗದ್ದರ್ 2023ರ ಆಗಸ್ಟ್ 6ರಂದು ಹೈದರಾಬಾದಿನಲ್ಲಿ ತೀರಿಕೊಂಡರು. ಒಂದು ಸಂಜೆ ಪೂರ್ತಿ ಅವರ ಹಾಡು ಹಾಡೋಣ ಅಂತ ರಾಯಚೂರಿನ ನಮ್ಮ ತಂಡ ಕೂತು ಮಾತಾಡಿತು. ಭಾಷಣ ಬೇಡ ಅನ್ನೋದು ನನ್ನ ಹಟ. ಅವರ ಹಾಡು ಸುಮ್ನೆ ಕೂತು ಕೇಳೋಕೆ ಕಟ್ಟಿದ್ದಲ್ಲ. ಜನ ಪಲ್ಲವಿ ಎತ್ತಿಕೊಂಡರೇನೇ ಅದು ಪೂರ್ತಿಯಾಗೋದು.

ಶುರು ಮಾಡಿದ್ದು ‘ಬಂಡೆನಕ ಬಂಡಿ ಕಟ್ಟಿ’ಯಿಂದ. ಅದು ಗದ್ದರ್ ಬರೆದದ್ದಲ್ಲ. ತೆಲಂಗಾಣ ರೈತ ಹೋರಾಟದ ಕಾಲದಲ್ಲಿ ಬಂಡಿ ಯಾದಗಿರಿ ಕಟ್ಟಿದ್ದು. ‘ಮಾ ಭೂಮಿ’ ಸಿನಿಮಾದಲ್ಲಿ ಗದ್ದರ್ ಅದನ್ನು ಕುಣಿದು ಹಾಡಿದರು. ನಿಜಾಮನ ಸರ್ಕಾರಕ್ಕೆ ಸವಾಲು ಹಾಕುವ ಹಾಡು. 1948ರವರೆಗೆ ರಾಯಚೂರೂ ಅದೇ ನಿಜಾಮನ ಕೈಯಲ್ಲೇ ಇತ್ತಲ್ವಾ? ತೆಲುಗು ಸರಿಯಾಗಿ ಬಾರದ ನಮ್ಮ ಹಿರಿಯರೂ ಎರಡನೇ ಸಾಲಿಗೇ ಚಪ್ಪಾಳೆ ಹಿಡಿದರು.

ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಹಲಗಿ ವಿಷಯಕ್ಕೆ. ಮಳೆಗಾಲದ ಥಂಡಿಗೆ ಹಲಗಿಯ ಚರ್ಮ ಸಡಿಲಾಗುತ್ತದೆ, ನಾದ ಸತ್ತುಹೋಗುತ್ತದೆ. ಅದಕ್ಕೆ ಸಭಾಂಗಣದ ಹಿಂದೆ ಹುಲ್ಲಿನ ಬೆಂಕಿ ಹಾಕಿಕೊಂಡೆವು. ನಮ್ಮ ಹಲಗಿಯವರು ಉರಿಯ ಮೇಲೆ ಹಲಗಿ ತಿರುಗಿಸುತ್ತಾ, ನಡುನಡುವೆ ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಅದು ಠಣ್ ಅಂದಾಗಲೇ ಒಳಗೆ ಬರೋದು. ಒಂದು ಬಾರಿಸುವಾಗ ಇನ್ನೊಂದು ಕಾಯುತ್ತಿರಬೇಕು. ಹಲಗಿಗೆ ಮೈಕ್ ಕೊಡಲಿಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಒಂದು ಮೈಕನ್ನು ಕಾಲಿನ ಹತ್ತಿರ ಇಟ್ಟು ಗೆಜ್ಜೆ ಕೇಳಿಸುವಂತೆ ಮಾಡಿದೆವು. ಹಿಮ್ಮೇಳದವರನ್ನು ವೇದಿಕೆಗೆ ಹತ್ತಿಸದೆ ಜನರ ನಡುವೆ ಅಲ್ಲಲ್ಲಿ ಕೂರಿಸಿದೆವು. ಪಕ್ಕದಲ್ಲಿರುವವರು ಬಾಯಿ ಬಿಟ್ಟು ಹಾಡಿದರೆ ನಮಗೂ ಸಂಕೋಚ ಬಿಡುತ್ತದೆ.

ಗದ್ದರ್ ಹಾಡನ್ನು ನಡುವೆ ನಿಲ್ಲಿಸಿ ಮಾತಾಡುತ್ತಿದ್ದರು. ಎದುರಿಗಿರುವವರ ಕಷ್ಟವನ್ನೇ ಎತ್ತಿಕೊಂಡು, ಮತ್ತೆ ಪಲ್ಲವಿಗೆ ಬರುತ್ತಿದ್ದರು. ಅದನ್ನು ನಾವು ನಕಲು ಮಾಡಿದರೆ ನಾಟಕವಾಗುತ್ತಿತ್ತು. ಅದಕ್ಕೆ ಆ ಜಾಗವನ್ನು ಹತ್ತಿ ಬಿಡಿಸುವ ಕೂಲಿಯ ಅಕ್ಕನೊಬ್ಬರಿಗೆ ಬಿಟ್ಟುಕೊಟ್ಟೆವು. ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಡುವಾಗ ತೂಕದಲ್ಲಿ ಹೇಗೆ ಹೊಡೆಯುತ್ತಾರೆ ಅಂತ ಅವರು ಹೇಳಿದರು. ಹೇಳ್ತಾ ಹೇಳ್ತಾ ಮಾತು ಹಲಗಿಯ ನಡೆಗೆ ಕೂತುಬಿಟ್ಟಿತು!

ಕೊನೆಯ ಭಾಗದ ಬಗ್ಗೆ ತಂಡದಲ್ಲಿ ಜಗಳವೇ ಆಯಿತು. ಚುನಾವಣೆಯನ್ನೇ ಬಹಿಷ್ಕರಿಸುವ ನಕ್ಸಲ್ ಚಳವಳಿಯಲ್ಲಿ ಭೂಗತರಾಗಿದ್ದ ದಿನಗಳ ಗದ್ದರ್ ಮಾತ್ರ ಸಾಕು, ಆಮೇಲಿನ ಗದ್ದರ್ ಬೇಡ ಅಂದರು ಕೆಲವರು. 2018ರಲ್ಲಿ ಅವರು ಮೊದಲ ಸಲ ಮತ ಹಾಕಿದ್ದು ಇವರಿಗೆ ಇನ್ನೂ ನುಂಗಲಾರದ ತುತ್ತು. ನಾನು ಒಪ್ಪಲಿಲ್ಲ. ಕೆನರಾ ಬ್ಯಾಂಕಿನ ಕೆಲಸ ಬಿಟ್ಟು ಬಂದ ಮನುಷ್ಯ ಅವರು. 1997ರ ಏಪ್ರಿಲ್‌ನಲ್ಲಿ ಮನೆಯಲ್ಲೇ ಗುಂಡೇಟು ತಿಂದು, ಬೆನ್ನುಮೂಳೆಯಲ್ಲಿ ಉಳಿದ ಒಂದು ಗುಂಡಿನ ಜೊತೆಗೇ 26 ವರ್ಷ ಹಾಡಿ ಕುಣಿದರು. ಅವರ ದಾರಿ ಬದಲಾಯಿತು ಅಂತ ಅರ್ಧ ಬದುಕನ್ನು ಕತ್ತರಿಸೋಕೆ ನಾವ್ಯಾರು? ಪ್ರತ್ಯೇಕ ತೆಲಂಗಾಣ ಹೋರಾಟದ ಹಾಡುಗಳನ್ನೂ ಹಾಡಿದೆವು.

ಬೇಡ ಅಂದವರಲ್ಲಿ ಇಬ್ಬರು ಆ ಭಾಗಕ್ಕೆ ಹೊರಗೆ ಹೋಗಿ ನಿಂತರು. ಅದು ಅವರ ಹಕ್ಕು. ಹತ್ತಿ ಬಿಡಿಸುವ ಅಕ್ಕ ಅಲ್ಲೇ ಕಟ್ಟಿದ ತಕ್ಕಡಿಯ ಸಾಲನ್ನು ಮಾತ್ರ ಈಗ ತಂಡದ ಎಲ್ಲರೂ ಹಾಡುತ್ತಾರೆ, ಆ ಇಬ್ಬರೂ ಸೇರಿ.