ಒಂದೇ ಬಟನ್ನಿನ ಜೋಕಾಲಿ

ನಾನು ಮೊದಲು ಮಾಡಲು ಹೊರಟ ಗೇಮ್‌ನಲ್ಲಿ ಒಂಬತ್ತು ಬಟನ್ ಇದ್ದವು. ಓಡಲು ಒಂದು, ಕತ್ತಿ ಬೀಸಲು ಒಂದು, ಚೀಲ ತೆರೆಯಲು ಇನ್ನೊಂದು. ಎರಡು ವರ್ಷ ರಾತ್ರಿ ಕೂತು ಬರೆದೆ, ಮುಗಿಯಲೇ ಇಲ್ಲ. ಕೊನೆಗೆ ಬೇಸರವಾಗಿ ಅದನ್ನು ಮುಚ್ಚಿಟ್ಟು ‘ಕನಬಾಲ್ಟ್’ ಆಡುತ್ತಾ ಕೂತೆ. 2009ರಲ್ಲಿ ಆಡಮ್ ಸಾಲ್ಟ್ಸ್‌ಮನ್ ಕೆಲವೇ ದಿನಗಳಲ್ಲಿ ಮಾಡಿದ ಗೇಮ್ ಅದು. ಮನುಷ್ಯ ಕಟ್ಟಡಗಳ ಮೇಲೆ ತಾನೇ ಓಡುತ್ತಾನೆ. ನಮ್ಮ ಕೈಯಲ್ಲಿರುವುದು ಹಾರಿಸುವ ಬಟನ್ ಮಾತ್ರ. ಆದರೆ ಹೆಚ್ಚು ಹೊತ್ತು ಹಿಡಿದರೆ ಹೆಚ್ಚು ಎತ್ತರ ಹಾರುತ್ತಾನೆ. ಒತ್ತೋದು, ಹಿಡಿಯೋದು, ಬಿಡೋದು. ಒಂದೇ ಬಟನ್ನಿಗೆ ಮೂರು ಕೆಲಸ.

ಹೀಗೆ ಒತ್ತಿದ್ದು, ಬಿಟ್ಟದ್ದು ಅಂತ ಎರಡೇ ಸ್ಥಿತಿಯಲ್ಲಿ ಮುಗಿಯುವ ಆಟ ನಿಜ ಬದುಕಲ್ಲಿ ಯಾವುದಿದೆ ಅಂತ ಹುಡುಕಿದೆ. ನಮ್ಮದು ಧಾರವಾಡದ ಕಡೆ. ನಾಗರ ಪಂಚಮಿ ಬಂತೆಂದರೆ ಬೇವಿನ ಮರಕ್ಕೆ ಹಗ್ಗ ಬೀಳುತ್ತದೆ. ನಿಂತು ಜೀಕುವವರು ಮಾಡುವುದು ಎರಡೇ: ಮೊಣಕಾಲು ಮಡಿಸಿ ಕೂರುವುದು, ಮತ್ತೆ ಏಳುವುದು. ನನ್ನ ಗೇಮ್‌ನಲ್ಲಿ ಬಟನ್ ಒತ್ತಿದರೆ ಹುಡುಗಿ ಕೂರುತ್ತಾಳೆ, ಬಿಟ್ಟರೆ ಏಳುತ್ತಾಳೆ. ಕಾಲು ಎದುರಿನ ಟೊಂಗೆಯ ಎಲೆಗೆ ತಾಗಿದರೆ ಗೆದ್ದಂತೆ. ಇಷ್ಟೇ ಗೇಮ್.

ಬ್ರೌಸರ್‌ನಲ್ಲೇ ನಡೆಯಲಿ ಅಂತ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದೆ. ಮೊದಲ ಸಂಜೆಯೇ ಜೋಕಾಲಿ ತೂಗತೊಡಗಿತು. ಆದರೆ ಎಷ್ಟು ಜೀಕಿದರೂ ಮೇಲೆ ಹೋಗಲಿಲ್ಲ, ಬದಲಿಗೆ ನಿಲ್ಲುತ್ತಾ ಬಂತು. ಗಾಳಿಯ ತಡೆ ಜಾಸ್ತಿಯಾಯಿತೇನೋ ಅಂತ ಎರಡು ದಿನ ಅದನ್ನೇ ಕಡಿಮೆ ಮಾಡುತ್ತಾ ಕೂತೆ. ಅಲ್ಲೇ ಇದ್ದ ಅವ್ವ ಫೋನ್ ಇಸಿದುಕೊಂಡು ನಾಲ್ಕು ಸಲ ಒತ್ತಿ ನೋಡಿದಳು. “ಕೆಳಗ ಬಂದಾಗ ಏಳಬೇಕೋ, ಆಗ ಅದು ಝಗ್ ಅಂತ ಎಳೀತದ. ಇದ್ರಾಗ ಅದು ಇಲ್ಲಲ್ಲ” ಅಂದಳು.

ಆ ಎಳೆತವೇ ತಪ್ಪಿಹೋಗಿತ್ತು. ಎದ್ದು ನಿಂತಾಗ ಮೈಯ ಭಾರ ಟೊಂಗೆಗೆ ಹತ್ತಿರವಾಗುತ್ತದೆ, ಅಂದರೆ ಹಗ್ಗ ಗಿಡ್ಡವಾದ ಹಾಗೆ. ನಾನು ಉದ್ದ ಮಾತ್ರ ಬದಲಿಸಿದ್ದೆ, ತಿರುಗುವ ವೇಗವನ್ನು ಮುಟ್ಟಿರಲಿಲ್ಲ. ಗಿರಗಿರ ತಿರುಗುವಾಗ ಚಾಚಿದ ಕೈಗಳನ್ನು ಎದೆಗೆ ಎಳೆದುಕೊಂಡರೆ ವೇಗ ಹೆಚ್ಚುತ್ತದಲ್ಲ, ಇಲ್ಲೂ ಹಾಗೇ ಆಗಬೇಕು. ಹಳೆಯ ಉದ್ದವನ್ನು ಹೊಸ ಉದ್ದದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ವೇಗಕ್ಕೆ ಗುಣಿಸಬೇಕು. ಒಂದೇ ಸಾಲು. ನಾಲ್ಕು ಮೀಟರ್ ಹಗ್ಗದಲ್ಲಿ ಎದ್ದು ನಿಂತಾಗ 20 ಸೆಂಟಿಮೀಟರ್ ವ್ಯತ್ಯಾಸ ಬಂದರೂ ಸಾಕು, ಪ್ರತಿ ತೂಗಿಗೆ ಎತ್ತರ ಶೇ 16-17ರಷ್ಟು ಏರುತ್ತದೆ. ಗಾಳಿಯ ತಡೆಗೆ ಒಂದಿಷ್ಟು ಹೋಗುತ್ತದೆ ಅನ್ನಿ.

ಇನ್ನೊಂದು ತಮಾಷೆ. ನಿಶ್ಚಲವಾಗಿ ನಿಂತ ಜೋಕಾಲಿಯಲ್ಲಿ ಎಷ್ಟು ಕೂತೆದ್ದರೂ ಏನೂ ಆಗುವುದಿಲ್ಲ. ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ ಅಲ್ವಾ! ಯಾರಾದರೂ ಮೊದಲು ನೂಕಬೇಕು. ಇದೇ ಹೊತ್ತಿಗೆ ಬೇರೆಯದೇ ತಲೆನೋವು ಇತ್ತು: ಆಡುವವರು ಒಮ್ಮೆ ಮುಟ್ಟುವ ತನಕ ಬ್ರೌಸರ್ ಸದ್ದು ಮಾಡಲು ಬಿಡುವುದಿಲ್ಲ. ಎರಡಕ್ಕೂ ಸೇರಿಸಿ ಒಬ್ಬ ಅಕ್ಕನನ್ನು ಬರೆದೆ. ಮೊದಲ ಒತ್ತಿಗೆ ಅಕ್ಕ ಬಂದು ನೂಕುತ್ತಾಳೆ, ಹಗ್ಗ ಕಿರ್ ಅನ್ನುತ್ತದೆ, ಆಟ ಶುರು. ‘ಆರಂಭಿಸಿ’ ಅನ್ನುವ ಪರದೆಯೇ ಬೇಡವಾಯಿತು. ಇಡೀ ಗೇಮ್‌ನಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ.

ಆ ಕಿರ್ ಸದ್ದು ನಮ್ಮ ಅಟ್ಟದ ಬಾಗಿಲಿನದು, ಫೋನಲ್ಲಿ ಹಿಡಿದದ್ದು. ಸುಮ್ನೆ ಚೆಂದಕ್ಕೆ ಹಾಕಿದ್ದೆ. ಆಡಿಸಿ ನೋಡಿದರೆ, ಜನ ಚಿತ್ರಕ್ಕಿಂತ ಅದನ್ನೇ ನಂಬಿ ತಾಳ ಹಿಡಿಯುತ್ತಿದ್ದರು. ಸದ್ದು ಸರಿಯಾಗಿ ತಳಕ್ಕೆ ಬರುವ ಕ್ಷಣದಲ್ಲೇ ಕೇಳಬೇಕು ಅಂತ ಆಮೇಲೆ ಸರಿಪಡಿಸಿದೆ. ಅದಾದ ಮೇಲೆ ಅವ್ವ ಕಣ್ಣು ಮುಚ್ಚಿಯೂ ಎಲೆ ಮುಟ್ಟಿದಳು.

ನಿಜವಾದ ಅಳತೆಯಲ್ಲಿ ಒಂದು ಸುತ್ತು ಹೋಗಿಬರಲು ನಾಲ್ಕು ಸೆಕೆಂಡ್ ಬೇಕು. ಫೋನಿನಲ್ಲಿ ಅದು ನಿದ್ದೆ ಬರಿಸುತ್ತಿತ್ತು. ಗುರುತ್ವಾಕರ್ಷಣೆಯನ್ನು ಮೂರು ಪಟ್ಟು ಮಾಡಿದೆ, 2.3 ಸೆಕೆಂಡ್‌ಗೆ ಇಳಿಯಿತು. ಸುಳ್ಳು ಲೆಕ್ಕ, ಆದರೆ ಯಾರಿಗೂ ಗೊತ್ತಾಗಲಿಲ್ಲ. ಬೆರಳು ಸ್ವಲ್ಪ ತಡವಾದರೂ ಸಿಟ್ಟು ಬರಬಾರದು ಅಂತ ಆರು ಫ್ರೇಮ್, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ, ಮಾಫಿ ಇಟ್ಟೆ. ಅಷ್ಟರೊಳಗೆ ಬಿಟ್ಟರೆ ಸರಿಯಾಗಿ ತಳದಲ್ಲೇ ಎದ್ದಂತೆ ಲೆಕ್ಕ. ಇದನ್ನೂ ಯಾರೂ ಗಮನಿಸಲಿಲ್ಲ. ತೆಗೆದ ದಿನ ಮಾತ್ರ ಎಲ್ಲರೂ “ಇವತ್ತು ಬಟನ್ ಸರಿ ಇಲ್ಲ” ಅಂದರು.

ಬೆರಳು ಒತ್ತಿ ಹಿಡಿದರೆ ಫೋನ್ ತನ್ನದೇ ಮೆನು ತೆರೆಯುತ್ತದೆ, ಅದನ್ನು ತಡೆಯಲು ಮರೆಯಬೇಡಿ. ನನ್ನ ಒಂದು ಭಾನುವಾರ ಅದಕ್ಕೇ ಹೋಯಿತು. ನಡುವೆ ಆಸೆ ತಡೆಯದೆ, ಜೋಕಾಲಿಯಿಂದ ಜಿಗಿಯಲು ಎರಡನೇ ಬಟನ್ ಕೂಡ ಹಾಕಿದ್ದೆ. ನನ್ನ ಸ್ವಂತ ಅಕ್ಕನ ಏಳು ವರ್ಷದ ಮಗಳು ಜೀಕುವುದನ್ನೇ ಬಿಟ್ಟು ಬರೀ ಜಿಗಿಯತೊಡಗಿದಳು. ಮರುದಿನ ಕಿತ್ತುಹಾಕಿದೆ.

ಅವಳಿಗೇ ಮತ್ತೊಂದು ಸಿಕ್ಕಿತು. ಎಲೆ ಮುಟ್ಟಿದ ಮೇಲೂ ಬಿಡದೆ ಜೀಕಿ ಜೀಕಿ, ಜೋಕಾಲಿಯನ್ನು ಟೊಂಗೆಯ ಮೇಲಿಂದ ಪೂರ್ತಿ ಒಂದು ಸುತ್ತು ಹೊಡೆಸಿದಳು. ನನ್ನ ಲೆಕ್ಕದಲ್ಲಿ ಹಗ್ಗ ಸಡಿಲವಾಗುವುದೇ ಇಲ್ಲ, ಅದು ಗಟ್ಟಿ ಕೋಲಿನ ಹಾಗೆ. ತಪ್ಪು ಅಂತ ಕೂತು ಸರಿಮಾಡಿದೆ. ಈಗ ಹಗ್ಗ ಸಡಿಲಾಗಿ ಹುಡುಗಿ ಕೆಳಗೆ ಜಾರುತ್ತಿದ್ದಳು, ಥೇಟ್ ನಿಜದ ಹಾಗೆ. ಅಕ್ಕನ ಮಗಳು ಎರಡು ಸಲ ನೋಡಿ, “ಮಾಮಾ, ಇದು ಕೆಟ್ಟೈತಿ” ಅಂತ ಫೋನ್ ವಾಪಸ್ ಕೊಟ್ಟಳು. ಆ ರಾತ್ರಿಯೇ ಹಳೆಯ ತಪ್ಪನ್ನು ಮತ್ತೆ ಒಳಗೆ ಹಾಕಿದೆ. ಈಗ ಸುತ್ತು ಹೊಡೆದರೆ ಕೆಳಗೆ ನಿಂತ ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ.